ನಾಲ್ಕನೇ ಬೆಡ್ಡಿನ ಬೋರ್ಡು

2025ರ ಮಳೆಗಾಲ ಶುರುವಾಗುವಾಗ ನಾನು ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಾಗಿದ್ದೆ. ಆರು ಹಾಸಿಗೆಗಳ ಐಸಿಯು ಕೂಡ ನನ್ನ ಸುಪರ್ದಿಯಲ್ಲೇ ಇತ್ತು. ನಿವೃತ್ತಿಗೆ ಹತ್ತು ತಿಂಗಳು ಬಾಕಿ. ಅರಿವಳಿಕೆ ತಜ್ಞನನ್ನು ಜನ ‘ನಿದ್ದೆ ಬರಿಸುವ ಡಾಕ್ಟ್ರು’ ಎನ್ನುತ್ತಾರೆ. ನನಗೆ ಅದರ ಜೊತೆಗೆ ಇನ್ನೊಂದು ಹೆಸರಿತ್ತು, ‘ಬೋರ್ಡ್ ಡಾಕ್ಟ್ರು’. ನನ್ನೆದುರು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ನನಗೆ ಗೊತ್ತಿತ್ತು, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಬೋರ್ಡಿನ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದೆಂದರೆ ನಮ್ಮ ಕಡೆಯ ಜನಕ್ಕೆ ಆಗಿಬರುವುದಿಲ್ಲ. ಗಂಜಿ ತಿಳಿ, ಬೊಂಡ ಅಂದರೆ ಎಳನೀರು, ಆನೆಗುಡ್ಡೆಯಿಂದ ತಂದ ತೀರ್ಥ, ಎಲ್ಲವೂ ಸೆರಗಿನ ಮರೆಯಲ್ಲಿ ಐಸಿಯು ಬಾಗಿಲು ದಾಟಿ ಬರುತ್ತಿದ್ದವು. ಪ್ರಜ್ಞೆ ಇಲ್ಲದ ರೋಗಿಗೆ ನುಂಗಲು ಬರುವುದಿಲ್ಲ. ಬಾಯಿಗೆ ಹಾಕಿದ್ದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಇದಕ್ಕೆ ನಾವು ಆಸ್ಪಿರೇಶನ್ ಎನ್ನುತ್ತೇವೆ. ಬಹಳ ವರ್ಷಗಳ ಹಿಂದೆ, ಚೇತರಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸಿಗೆ ಅವರ ಅಕ್ಕ ಪ್ರೀತಿಯಿಂದ ನಾಲ್ಕು ಚಮಚ ಗಂಜಿ ತಿಳಿ ಕುಡಿಸಿದರು. ಮೂರನೆಯ ದಿನಕ್ಕೆ ನ್ಯುಮೋನಿಯಾ ಆಯಿತು, ಆಕೆ ನಮ್ಮ ಕೈ ತಪ್ಪಿಹೋದರು.

ಅಂದಿನಿಂದ ನನ್ನ ಐಸಿಯುವಿನಲ್ಲಿ ನುಂಗಲಾಗದ ರೋಗಿಯ ಮಂಚದ ತಲೆಯ ಮೇಲೆ ಕೆಂಪು ಅಕ್ಷರದ ಬೋರ್ಡು ಬಂತು: ‘ಬಾಯಿಗೆ ಏನನ್ನೂ ಹಾಕಬಾರದು. ನೀರು ಸಹ.’ ನಾನು ಕೋಟದವನು, ಮನೆಯಲ್ಲಿ ಆಡುವುದು ಕುಂದಾಪ್ರ ಕನ್ನಡವನ್ನೇ. ಐಸಿಯು ಬಾಗಿಲು ದಾಟಿದ ಕೂಡಲೇ ಮಾತ್ರ ನನ್ನ ಬಾಯಲ್ಲಿ ಪುಸ್ತಕದ ಕನ್ನಡ ಬರುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳಿದರೆ ಜನ ಚೌಕಾಸಿಗೆ ಇಳಿಯುತ್ತಾರೆ ಎಂದು ನಾನು ನಂಬಿದ್ದೆ.

ಜೂನ್ ತಿಂಗಳಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ರಜೆಯಲ್ಲೇ ದುರಸ್ತಿ ನಡೆಯಬೇಕಾದ್ದರಿಂದ ಹಂಗಾರಕಟ್ಟೆಯ ಬೋಟ್ ಕಟ್ಟುವ ಯಾರ್ಡುಗಳಲ್ಲಿ ಆಗ ಕೈತುಂಬ ಕೆಲಸ. ಸುಬ್ರಾಯ ಅಂಥ ಒಂದು ಯಾರ್ಡಿನ ಮರಗೆಲಸದವರು, ವಯಸ್ಸು ನಲವತ್ತನಾಲ್ಕು. ಒಂದು ದಿನ ಬೆಳಿಗ್ಗೆ ಹಲಗೆಗೆ ತೂತು ಕೊರೆಯುವಾಗ ಡ್ರಿಲ್ಲಿನ ವೈರು ಒದ್ದೆ ನೆಲದಲ್ಲಿ ಎಲ್ಲೋ ಸಿಪ್ಪೆ ಸುಲಿದಿತ್ತು. ಕರೆಂಟು ಹೊಡೆದು ಬಿದ್ದರು. ಜೊತೆಯವರು ಮೀನಿನ ಟೆಂಪೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತರುವಾಗ ಸುಮಾರು ಅರ್ಧ ಗಂಟೆ ಕಳೆದಿತ್ತು. ಹೃದಯ ದಾರಿಯಲ್ಲೆಲ್ಲೋ ನಿಂತಿತ್ತು. ಎದೆ ಒತ್ತಿ, ಎರಡು ಸಲ ಶಾಕ್ ಕೊಟ್ಟ ಮೇಲೆ ಮತ್ತೆ ಬಡಿಯತೊಡಗಿತು.

ಹೊರಗೆ ನಿಂತಿದ್ದ ಯಾರ್ಡಿನವರು ನನ್ನ ಕೈ ಹಿಡಿದು ಕಣ್ಣೀರು ಹಾಕಿದರು. ನಾನೂ ಗೆದ್ದವನ ಹಾಗೆ ನಿಂತಿದ್ದೆ. ಆದರೆ ರಕ್ತ ಹರಿಯದೆ ನಾಲ್ಕೈದು ನಿಮಿಷ ಕಳೆದರೆ ಮೆದುಳು ಕೆಡಲು ಶುರುವಾಗುತ್ತದೆ, ಹೃದಯ ಆಮೇಲೆ ಎಷ್ಟೇ ಚೆನ್ನಾಗಿ ಬಡಿದರೂ ಕೆಟ್ಟದ್ದು ಸರಿಯಾಗುವುದಿಲ್ಲ. ಸುಬ್ರಾಯರನ್ನು ವೆಂಟಿಲೇಟರಿಗೆ, ಅಂದರೆ ಉಸಿರಾಟದ ಯಂತ್ರಕ್ಕೆ ಹಾಕಿ ನಾಲ್ಕನೇ ಬೆಡ್ಡಿನಲ್ಲಿ ಮಲಗಿಸಿದೆವು. ಮೂಗಿನಿಂದ ಹೊಟ್ಟೆಗೆ ಆಹಾರದ ಕೊಳವೆ ಹೋಯಿತು. ಹನ್ನೆರಡನೆಯ ದಿನ ಗಂಟಲಿಗೆ ತೂತು ಮಾಡಿ ಯಂತ್ರದ ಕೊಳವೆಯನ್ನು ಅಲ್ಲಿಗೆ ಜೋಡಿಸಿದೆವು.

ಹೆಂಡತಿ ಜಲಜ ದಿನಾ ಬರುತ್ತಿದ್ದರು. ಪಿಯುಸಿ ಓದುವ ಮಗಳನ್ನು ಕಾಲೇಜಿಗೆ ಕಳಿಸಿ, ಸಾಸ್ತಾನದಲ್ಲಿ ಬಸ್ಸು ಬದಲಿಸಿ, ಹತ್ತೂವರೆಗೆ ಐಸಿಯು ಬಾಗಿಲಲ್ಲಿ ಹಾಜರು. ಕೈಯಲ್ಲಿ ಒಂದು ಸಣ್ಣ ಸ್ಟೀಲ್ ಬಾಟಲಿ. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ರೌಂಡ್ಸಿನ ಹೊತ್ತಿಗೆ ನನ್ನನ್ನು ತಡೆದು ನಿಲ್ಲಿಸಿದರು.

“ಡಾಕ್ಟ್ರೇ, ಇದ್ ನಮ್ಮನಿ ಬಾಮಿ ನೀರ್. ಅವ್ರ್ ಬ್ಯಾರೆ ನೀರ್ ಕುಡೂದಿಲ್ಲೆ. ಒಂದ್ ಚಮ್ಚ ಬಾಯಿಗ್ ಬಿಟ್ರೆ ಅಡ್ಡಿಲ್ಯಾ?”

ಹೊಳೆಬದಿಯ ಊರು ಅದು. ಬೇಸಿಗೆ ಬಂತೆಂದರೆ ಸುತ್ತಲಿನ ಬಾವಿಗಳ ನೀರೆಲ್ಲ ಉಪ್ಪು. ಸುಬ್ರಾಯ ಹಿತ್ತಿಲಿನ ಎತ್ತರದ ಮೂಲೆಯಲ್ಲಿ ಜಾಗ ಹುಡುಕಿ, ರಜೆಯ ದಿನಗಳಲ್ಲಿ ತಾವೇ ಇಳಿದು ಅಗೆದ ಬಾವಿಯ ನೀರು ಮಾತ್ರ ವರ್ಷವಿಡೀ ಸಿಹಿಯಂತೆ. ನಾಲ್ಕು ಮನೆಯವರು ಅಲ್ಲಿಗೇ ಬರುತ್ತಾರಂತೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಂದು ನನಗೆ ಕಂಡದ್ದು ಬಾಟಲಿ ಹಿಡಿದು ನಿಂತ ಇನ್ನೊಬ್ಬ ಸಂಬಂಧಿ ಮಾತ್ರ, ನೆನಪಾದದ್ದು ಆ ಗಂಜಿ ತಿಳಿ.

“ಒಂದು ಹನಿಯೂ ಕೂಡದು,” ಎಂದೆ. “ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿಗೆ ನೀರು ಬಿಟ್ಟರೆ ನಿಮ್ಮ ಕೈಯಾರೆ ಅವರನ್ನು ಕೊಂದ ಹಾಗೆ.”

ಆಕೆ ಬಾಟಲಿಯನ್ನು ಸೀರೆಯ ನೆರಿಗೆಗೆ ಒತ್ತಿ ಹಿಡಿದು ಹಿಂದೆ ಸರಿದರು. ಐಸಿಯುವಿನ ಹಿರಿಯ ನರ್ಸ್ ಸಿಸ್ಟರ್ ಫ್ಲಾವಿಯಾ ಬ್ರಹ್ಮಾವರದವರು, ನನ್ನ ಜೊತೆ ಹದಿನಾರು ವರ್ಷ ದುಡಿದವರು. ಅವರತ್ತ ತಿರುಗಿ, ನಾಲ್ಕನೇ ಬೆಡ್ಡಿಗೆ ಬೋರ್ಡು ಯಾಕೆ ಇನ್ನೂ ಬಂದಿಲ್ಲ ಎಂದು ರೇಗಿದೆ. ಐದು ನಿಮಿಷದಲ್ಲಿ ಬೋರ್ಡು ತಲೆಯ ಮೇಲೆ ನೇತಾಡಿತು. ಸಿಸ್ಟರ್ ಜಲಜರನ್ನು ಕರೆದು ಪ್ರತಿ ಅಕ್ಷರ ಓದಿಸಿದರು. ಆಕೆ ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದಿದರು.

ಆಮೇಲೆ ಆಕೆ ನೀರಿನ ಸುದ್ದಿ ಎತ್ತಲಿಲ್ಲ. ಬಾಟಲಿ ಮಾತ್ರ ದಿನಾ ಬರುತ್ತಿತ್ತು. ಬೆಂಚಿನ ಮೇಲೆ ಇಡುವುದು, ಸಂಜೆ ಹಾಗೇ ತುಂಬಿದ್ದನ್ನು ಹಿಂದೆ ಒಯ್ಯುವುದು. ನೋಡಿ ನಗು ಬರುತ್ತಿತ್ತು ಎಂದರೆ ಈಗ ನಾಚಿಕೆಯಾಗುತ್ತದೆ.

ನಾಲ್ಕನೆಯ ವಾರದಲ್ಲಿ ಸುಬ್ರಾಯ ಕಣ್ಣು ಬಿಟ್ಟರು. ಇಲ್ಲಿಂದಲೇ ನಿಜವಾದ ಕಷ್ಟ ಶುರು. ಮೆದುಳು ಪೂರ್ತಿ ಸತ್ತರೆ ಅದು ಬ್ರೈನ್ ಡೆತ್, ಕಾನೂನಿನ ಲೆಕ್ಕದಲ್ಲೂ ಸಾವೇ. ಸುಬ್ರಾಯರದು ಅದಲ್ಲ, ವೆಜಿಟೇಟಿವ್ ಸ್ಟೇಟ್ ಎಂಬ ಸ್ಥಿತಿ. ಮೆದುಳಿನ ಬುಡ ಅಷ್ಟಿಷ್ಟು ಉಳಿದಿರುತ್ತದೆ, ಆದ್ದರಿಂದ ನಿದ್ದೆ, ಎಚ್ಚರ, ಆಕಳಿಕೆ ಎಲ್ಲವೂ ಇರುತ್ತವೆ. ಕಣ್ಣು ತೆರೆಯುತ್ತದೆ, ಆದರೆ ನೋಡುವುದಿಲ್ಲ. ಬಾಯಿ ಜಗಿಯುತ್ತದೆ, ರುಚಿ ತಿಳಿಯುವವರು ಇಲ್ಲ. ಅವರ ಉಸಿರಾಟದ ಕೇಂದ್ರಕ್ಕೂ ಪೆಟ್ಟಾಗಿತ್ತು. ಯಂತ್ರ ಬಿಡಿಸಲು ಆರು ಸಲ ಪ್ರಯತ್ನಿಸಿದೆ, ಪ್ರತಿ ಸಲವೂ ಒಂದೆರಡು ಗಂಟೆಯೊಳಗೆ ಸೋತು ನೀಲಿಗಟ್ಟುತ್ತಿದ್ದರು.

ಅಣ್ಣ ಶೇಖರ ಮುಂಬೈಯಲ್ಲಿ ಇಪ್ಪತ್ತು ವರ್ಷ ಕ್ಯಾಂಟೀನ್ ನಡೆಸಿ, ಈಗ ಹುಟ್ಟೂರು ಕಿರಿಮಂಜೇಶ್ವರದಲ್ಲಿ ಅಂಗಡಿ ಇಟ್ಟುಕೊಂಡವರು. ತಮ್ಮನ ಕಣ್ಣು ತೆರೆದದ್ದು ನೋಡಿ ಆಸ್ಪತ್ರೆಯವರಿಗೆಲ್ಲ ಸಿಹಿ ಹಂಚಿದ್ದರು. ಮೂರು ತಿಂಗಳು ಕಳೆದು, ನರರೋಗ ತಜ್ಞರು ಎಂಆರ್‌ಐ, ಇಇಜಿ ಎಲ್ಲ ನೋಡಿ ಇನ್ನು ಪ್ರಜ್ಞೆ ಮರಳುವುದಿಲ್ಲ ಎಂದು ಬರೆದುಕೊಟ್ಟ ಮೇಲೆ, ನಾನು ಜಲಜ, ಶೇಖರ ಇಬ್ಬರನ್ನೂ ನನ್ನ ಕೋಣೆಯಲ್ಲಿ ಕೂರಿಸಿ ಯಂತ್ರ ನಿಲ್ಲಿಸುವ ಮಾತು ಎತ್ತಿದೆ. ಶೇಖರ ಕುರ್ಚಿಯಿಂದ ಎದ್ದೇಬಿಟ್ಟರು.

“ಎಂತ ಮಾತಾಡ್ತ್ರಿ ನೀವ್? ಕಣ್ ಬಿಟ್ಕಂಡ್ ಇಪ್ಪ ಮನ್ಷಿನ ಮಿಷನ್ ತೆಗೂದಾ? ನಾನ್ ಹೋದ್ರೆ ಕಾಂತ ಅವ.”

ತಾನು ಹತ್ತಿರ ಹೋದರೆ ತಮ್ಮ ನೋಡುತ್ತಾನೆ ಎಂಬುದು ಅವರ ನಂಬಿಕೆ. ನಾನು ವಾದ ಮಾಡಲಿಲ್ಲ. ಒಂದು ಹಾಳೆ, ಪೆನ್ನು ಕೊಟ್ಟೆ. ಇವತ್ತು ಇಡೀ ದಿನ ಅವರ ಪಕ್ಕ ಕೂತಿರಿ, ಸುಮ್ಮನಿದ್ದಾಗ ಎಷ್ಟು ಸಲ ನಿಮ್ಮತ್ತ ನೋಡಿದರು, ಕರೆದಾಗ ಎಷ್ಟು ಸಲ ನೋಡಿದರು, ಗೀಟು ಹಾಕಿ ಎಂದೆ. ಅವರು ಬೆಳಿಗ್ಗೆಯಿಂದ ಸಂಜೆ ಐದರ ತನಕ ಕೂತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಹಾಳೆಯನ್ನು ನನಗೆ ಕೊಡದೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೋದರು. ಕ್ರೂರ ಉಪಾಯ ಅದು, ಆದರೆ ಕರೆದರೂ ಕರೆಯದಿದ್ದರೂ ಆ ನೋಟದಲ್ಲಿ ವ್ಯತ್ಯಾಸವಿಲ್ಲ ಎಂದು ನಾನು ಬಾಯಲ್ಲಿ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ.

ಎರಡು ದಿನ ಬಿಟ್ಟು ಇಬ್ಬರೂ ಒಟ್ಟಿಗೆ ಬಂದರು. ಜಲಜ ಹೇಳಿದ ಸಂಗತಿ ಇದು. ಯಾರ್ಡಿನ ಹಳೆಯ ಮೇಸ್ತ್ರಿಯೊಬ್ಬರು ಪಾರ್ಶ್ವವಾಯು ಬಡಿದು ಮೂರು ವರ್ಷ ಮಾತಿಲ್ಲದೆ, ಗುರುತಿಲ್ಲದೆ ಮಲಗಿದ್ದರು. ಸುಬ್ರಾಯ ವಾರಕ್ಕೊಮ್ಮೆ ಹೋಗಿ ಅವರ ಗಡ್ಡ ಕೆರೆದು ಬರುತ್ತಿದ್ದರು. ಹಾಗೆ ಬಂದ ಒಂದು ದಿನ ಊಟಕ್ಕೆ ಕೂತಾಗ, “ನನ್ನ ಹಾಂಗ್ ಮಲ್ಗ್ಸಿ ಇಡ್ಬೇಡಿ ಕಾಣಿ. ಮರ ಲಡ್ಡಾದ್ ಮೇಲೆ ಬಣ್ಣ ಬಳಿಯೂಕಾಗ,” ಎಂದಿದ್ದರಂತೆ. ಮರಗೆಲಸದವರ ಮಾತು, ಒಳಗೆ ಗೆದ್ದಲು ತಿಂದ ಹಲಗೆಗೆ ಹೊರಗೆ ಬಣ್ಣ ಹಚ್ಚಿ ಮೋಸ ಮಾಡಬಾರದು ಎಂಬ ಅರ್ಥ.

“ಅವ ಹೇಳದ್ದ್ ಹೌದ್,” ಎಂದರು ಶೇಖರ, ನೆಲ ನೋಡುತ್ತ. “ಆ ದಿನ ನಾನೂ ಊಟಕ್ಕಿದ್ದೆ.”

ಆಮೇಲೆ ಕಾಗದದ ಕೆಲಸ. ಇಂಥ ಸಂದರ್ಭಕ್ಕೆ ಸುಪ್ರೀಂ ಕೋರ್ಟು ಹಾಕಿಕೊಟ್ಟ ದಾರಿ ಸ್ಪಷ್ಟವಾಗಿದೆ. ಚಿಕಿತ್ಸೆ ಕೊಡುವ ವೈದ್ಯ ಮತ್ತು ಇಬ್ಬರು ತಜ್ಞರ ಒಂದು ಮಂಡಳಿ ಪರೀಕ್ಷಿಸಿ ಒಪ್ಪಬೇಕು. ಅದರಲ್ಲಿ ಇಲ್ಲದ ಬೇರೆಯವರ ಎರಡನೆಯ ಮಂಡಳಿ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಸೇರಿ, ಮತ್ತೆ ನೋಡಿ ಒಪ್ಪಬೇಕು. ಹತ್ತಿರದ ಬಂಧುಗಳು ಬರೆದುಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಮ್ಮ ಆಸ್ಪತ್ರೆಯಲ್ಲಿ ಇದು ಮೊದಲನೆಯದು. ಒಂದು ಕಾಗದವೂ ತಪ್ಪಬಾರದೆಂದು ನಾನು ಹದಿನಾಲ್ಕು ಸಾಲಿನ ಪಟ್ಟಿ ಮಾಡಿದೆ.

ಸಹಿ ಹಾಕುವ ದಿನ ಜಲಜ ಪೆನ್ನು ಹಿಡಿದವರು ನಿಲ್ಲಿಸಿದರು. “ಕೊಳವಿಂಗ್ ಕೊಡು ಗಂಜಿ, ನೀರ್ ಸೈತ ನಿಲ್ಸ್ತ್ರಿಯಾ?”

ಹೌದು ಎಂದೆ. ಕೊಳವೆಯಲ್ಲಿ ಕೊಡುವುದು ಊಟವಲ್ಲ, ಅದೂ ಒಂದು ಚಿಕಿತ್ಸೆ, ಅವರಿಗೆ ಹಸಿವು ಬಾಯಾರಿಕೆ ತಿಳಿಯುವುದಿಲ್ಲ ಎಂದು ವಿವರಿಸಿದೆ.

“ನಾನ್ ಸೈನ್ ಹಾಕ್ರೆ, ನಾನೇ ಕೊಂದಂಗ್ ಆತಿಲ್ಯಾ ಡಾಕ್ಟ್ರೇ?”

ಇದಕ್ಕೆ ನಾನು ವಾರದಿಂದ ತಯಾರಾಗಿದ್ದೆ. “ಇಲ್ಲ ಜಲಜಮ್ಮ. ಅವರನ್ನು ಒಯ್ಯುತ್ತಿರುವುದು ಆ ದಿನದ ಕರೆಂಟು. ನಾವು ಇಷ್ಟು ದಿನ ಅಡ್ಡ ನಿಂತಿದ್ದೆವು, ಈಗ ದಾರಿ ಬಿಡುತ್ತೇವೆ, ಅಷ್ಟೇ. ಇದು ಕೊಲ್ಲುವುದಲ್ಲ.” ಆಕೆ ನನ್ನ ಮುಖ ಬಹಳ ಹೊತ್ತು ನೋಡಿ ಸಹಿ ಹಾಕಿದರು. ಚೆನ್ನಾಗಿ ಹೇಳಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಇದೇ ಬಾಯಿಂದ ಇದೇ ಹೆಂಗಸಿಗೆ, ಏನು ಮಾಡಿದರೆ ಕೊಂದ ಹಾಗೆ ಎಂದೂ ಹೇಳಿದ್ದೆನಲ್ಲ, ಅದು ನೆನಪಿಗೆ ಬರಲೇ ಇಲ್ಲ.

ಅಕ್ಟೋಬರ್ ನಡುವೆ, ನೂರ ಹದಿನೇಳನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ವೆಂಟಿಲೇಟರ್ ಬಿಡಿಸಿದೆವು. ಪಟ್ಟಿಯ ಪ್ರಕಾರ ಎಲ್ಲವೂ ನಡೆಯಿತು. ಉಸಿರುಗಟ್ಟುವ ಸಂಕಟ ಆಗದಂತೆ ಮಾರ್ಫಿನ್ ಕೊಟ್ಟೆ. ಅಲಾರಂಗಳನ್ನು ಬಂದ್ ಮಾಡಿಸಿದೆ. ಮೂಗಿನ ಕೊಳವೆ ತೆಗೆಸಿದೆ. ಸುತ್ತ ಪರದೆ ಎಳೆಸಿ, ಮನೆಯವರಿಗೆ ಮೂರು ಕುರ್ಚಿ ಹಾಕಿಸಿದೆ. ಒಮ್ಮೆಗೆ ಒಬ್ಬರೇ ಎಂಬ ನನ್ನ ನಿಯಮವನ್ನೂ ಅಂದು ಬಿಟ್ಟುಕೊಟ್ಟೆ. ಸುಬ್ರಾಯರ ಮುಖ ಮೊದಲ ಸಲ ಪಟ್ಟಿ, ಪ್ಲಾಸ್ಟರು ಇಲ್ಲದೆ ಕಂಡಿತು. ಮಗಳು ಅಪ್ಪನ ಪಾದ ಹಿಡಿದು ಕೂತಳು. ಜಲಜ ತಲೆಯ ಹತ್ತಿರ ನಿಂತರು, ಕೈಯಲ್ಲಿ ಬಾಟಲಿ.

ಹನ್ನೆರಡೂಕಾಲಿಗೆ ಆಪರೇಷನ್ ಥಿಯೇಟರಿನಿಂದ ಕರೆ ಬಂತು. ಬೈಂದೂರು ಕಡೆಯಿಂದ ಹೆರಿಗೆಗೆ ಬಂದ ಹೆಂಗಸಿಗೆ ರಕ್ತಸ್ರಾವ, ಕೂಡಲೇ ಸಿಸೇರಿಯನ್ ಆಗಬೇಕಿತ್ತು. ಅರಿವಳಿಕೆಗೆ ಅಂದು ಇದ್ದವನು ನಾನೊಬ್ಬನೇ. ಏನಾದರೂ ಬೇಕಿದ್ದರೆ ಸಿಸ್ಟರನ್ನು ಕೇಳಿ ಎಂದು ಹೇಳಿ ಓಡಿದೆ. ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಉಳಿದರು. ಕೈ ತೊಳೆದು ವಾಪಸು ಬರುವಾಗ ಎರಡೂ ಇಪ್ಪತ್ತು.

ಫ್ಲಾವಿಯಾ ಬಾಗಿಲಲ್ಲೇ ತಲೆ ಅಲ್ಲಾಡಿಸಿದರು. ಹತ್ತು ನಿಮಿಷದ ಹಿಂದೆ ಉಸಿರು ನಿಂತಿತ್ತು, ಏನೂ ಒದ್ದಾಟ ಇರಲಿಲ್ಲ, ಸಿಸ್ಟರ್ ಪರದೆಯ ಆಚೆ ಹತ್ತಿರದಲ್ಲೇ ಇದ್ದರು. ನಾನು ಪರದೆ ಸರಿಸಿ ಒಳಗೆ ಹೋಗಿ ಎದೆ, ಕಣ್ಣು ನೋಡಿ, ಹೊತ್ತು ಬರೆದೆ. ಎಲ್ಲ ಮುಗಿಯಿತು, ನೀವು ಸರಿಯಾದದ್ದನ್ನೇ ಮಾಡಿದಿರಿ ಎಂದು ಹೇಳಲು ತಿರುಗಿದೆ. ಜಲಜ ಅಳುತ್ತಿರಲಿಲ್ಲ. ಬಾಟಲಿಯ ಮುಚ್ಚಳ ಒಂದು ಕೈಯಲ್ಲಿ, ಬಾಟಲಿ ಇನ್ನೊಂದು ಕೈಯಲ್ಲಿ ಇತ್ತು.

“ಈಗ ಕೊಟ್ರೆ ಅಡ್ಡಿಲ್ಯಾ, ಡಾಕ್ಟ್ರೇ?”

ಏನನ್ನು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಆಕೆಯ ಕಣ್ಣು ಹೋದ ಕಡೆ ನನ್ನ ಕಣ್ಣೂ ಹೋಯಿತು. ಮಂಚದ ತಲೆಯ ಮೇಲೆ ಕೆಂಪು ಅಕ್ಷರಗಳು ಹಾಗೇ ಇದ್ದವು. ಬಾಯಿಗೆ ಏನನ್ನೂ ಹಾಕಬಾರದು. ನೀರು ಸಹ.

ಪ್ರಾಣ ಹೋಗುವ ಹೊತ್ತಿಗೆ ಬಾಯಿಗೆ ಒಂದು ಗುಟುಕು ನೀರು ಬಿಡುವುದು ನಮ್ಮ ಎಲ್ಲರ ಮನೆಯಲ್ಲಿ ಇರುವ ಕ್ರಮ. ನನ್ನ ಅಪ್ಪನಿಗೆ ನಾನೇ ಬಿಟ್ಟಿದ್ದೇನೆ. ಜೀವ ಇದ್ದಾಗಲೇ ಬಿಡಬೇಕು, ಅದೂ ತನ್ನವರ ಕೈಯಿಂದ. ಸಾಯುವವನಿಗೆ ಇನ್ನು ನ್ಯುಮೋನಿಯಾದ ಭಯವೇನಿದೆ? ಹನ್ನೊಂದು ಗಂಟೆಗೆ ಆ ಬೋರ್ಡಿನ ಕೆಲಸ ಮುಗಿದಿತ್ತು. ಹದಿನಾಲ್ಕು ಸಾಲಿನ ಪಟ್ಟಿಯಲ್ಲಿ ಅದನ್ನು ತೆಗೆಸುವ ಮಾತು ಇರಲಿಲ್ಲ. ಹದಿನೈದು ವರ್ಷದಿಂದ ದಿನಾ ನೋಡಿ ನೋಡಿ ನನಗೂ ಫ್ಲಾವಿಯಾಗೂ ಅದು ಗೋಡೆಯ ಭಾಗವೇ ಆಗಿಬಿಟ್ಟಿತ್ತು.

ಶೇಖರ ಮೆಲ್ಲಗೆ ಹೇಳಿದರು, “ಜಲಜ ಎರ್ಡ್ ಸಲ ಮುಚ್ಚಳ ತೆಗ್ದಿತ್. ನಾನೇ ತಡ್ದೆ. ಡಾಕ್ಟ್ರ್ ಬರ್ಲಿ, ಕೇಂಡ್ ಕೊಡು ಅಂದೆ.”

ಬೋರ್ಡನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡೆ. ಪುಸ್ತಕದ ಕನ್ನಡ ಬಾಯಿಗೆ ಬರಲಿಲ್ಲ. “ಅಡ್ಡಿಲ್ಲೆ, ಕೊಡಿ,” ಎಂದೆ. ಆಕೆ ಗಂಡನ ತುಟಿಗಳ ನಡುವೆ ನೀರು ಬಿಟ್ಟರು. ಅದು ಒಳಗೆ ಹೋಗದೆ ಕೆನ್ನೆಯ ಮೇಲಿಂದ ಇಳಿದು ದಿಂಬಿಗೆ ಹೋಯಿತು. ಸೆರಗಿನಿಂದ ಒರೆಸಿ ಇನ್ನೊಂದು ಸಲ ಬಿಟ್ಟರು. ಅದೂ ಹಾಗೇ ಇಳಿಯಿತು. ಮೂರನೆಯ ಸಲಕ್ಕೆ ಆಕೆ ಮುಚ್ಚಳ ಹಾಕಿದರು. ನಾನು ಹೊರಗೆ ಬಂದು ಡ್ಯೂಟಿ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ವೃತ್ತಿಯಲ್ಲಿ ಸಾವು ಕಂಡು ಅತ್ತವನಲ್ಲ ನಾನು.

ರೋಗಿಯ ಮನೆಯ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ ಎಂದೂ ಹೋದವನಲ್ಲ. ಅಂದು ಹಂಗಾರಕಟ್ಟೆಗೆ ಹೋದೆ. ಊಟ ಮುಗಿದು ಜನ ಕರಗಿದ ಮೇಲೆ ಜಲಜ ಚಾವಡಿಗೆ ಬಂದು ನನ್ನೆದುರು ಒಂದು ಲೋಟ ನೀರಿಟ್ಟರು. ಅಲ್ಲೇ ನಿಂತು ಕೇಳಿದರು.

“ಮಿಷನ್ ತೆಗ್ದ್ರೆ ಕೊಂದಂಗಲ್ಲ ಅಂದ್ರಿ. ಒಂದ್ ಚಮ್ಚ ನೀರ್ ಕೊಟ್ರೆ ಕೊಂದಂಗೆ ಅಂದ್ರಿ. ನಂಗ್ ಎರ್ಡೂ ಅರ್ಥ ಆಯ್ಲಿಲ್ಲೆ. ನೀವ್ ಹೇಳದಂಗೇ ಮಾಡ್ದೆ. ಸರಿ ಆಯ್ತಲ್ದಾ ಡಾಕ್ಟ್ರೇ?”

ಸರಿಯಾಯಿತು ಎಂದು ಹೇಳಿ ಎದ್ದು ಬರಬಹುದಿತ್ತು. ಬಹುಶಃ ಆಕೆಗೆ ಬೇಕಾಗಿದ್ದದ್ದೂ ಅದೇ. ಆದರೆ ನಾನು, “ಕೊನಿ ದಿನ ನೀರ್ ಕೊಡ್ಲಕ್ಕಿತ್ ಜಲಜಮ್ಮ. ಬೋರ್ಡ್ ತೆಗೂಕ್ ನಂಗ್ ಮರ್ತೋಯ್ತ್,” ಎಂದೆ.

ಆಕೆ ನನ್ನನ್ನೇ ನೋಡಿದರು. ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಮರ್ತದ್ದಾ?” ಎಂದರು. “ನಾನ್ ಅದೂ ಕಾನೂನ್ ಅಂದೇಳಿ ಗ್ರಯ್ಸಿದ್ದೆ.”

ಕಾನೂನು ಎಂದುಕೊಂಡದ್ದರಿಂದ ಆಕೆ ಹನ್ನೆರಡು ದಿನ ಸಮಾಧಾನವಾಗಿದ್ದರು. ನಾನು ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿ ಅದನ್ನೂ ಕಿತ್ತುಕೊಂಡೆನೋ ಎಂಬ ಸಂಶಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಯಂತ್ರ ನಿಲ್ಲಿಸಿದ್ದು ಸರಿ ಎಂದೇ ಇವತ್ತೂ ಹೇಳುತ್ತೇನೆ. ಎರಡು ಮಂಡಳಿಗಳು ಒಪ್ಪಿದವು, ಮನೆಯವರು ಒಪ್ಪಿದರು, ಸುಬ್ರಾಯರ ಮಾತೂ ಅದೇ ಇತ್ತು. ಆದರೆ ನಾವು ಇಷ್ಟು ಮಂದಿ ವೈದ್ಯರು ಸೇರಿ ಏನೇನು ನಿಲ್ಲಿಸಬೇಕು ಎಂದು ಯೋಚಿಸಿದೆವೇ ಹೊರತು, ಇನ್ನು ಯಾವುದಕ್ಕೆಲ್ಲ ತಡೆಯಿಲ್ಲ ಎಂದು ಆ ಹೆಂಗಸಿಗೆ ಒಬ್ಬರೂ ಹೇಳಲಿಲ್ಲ. ನಿಯಮ ಹೇಳಿದವನೇ ಹಿಂದೆ ಬಂದು, ಎದುರು ನಿಂತು, ಅವರ ಮಾತಿನಲ್ಲೇ ಅದು ಮುಗಿಯಿತು ಎನ್ನಬೇಕು. ಮೂವತ್ತು ಚಿಲ್ಲರೆ ವರ್ಷದ ಕೆಲಸ ನನಗೆ ಇಷ್ಟನ್ನು ಕಲಿಸಿದ್ದು ಕೊನೆಯ ಹತ್ತು ತಿಂಗಳಲ್ಲಿ.

ಲೋಟದ ನೀರು ನಾನು ಕುಡಿಯುವ ತನಕ ಜಲಜ ಅಲ್ಲೇ ನಿಂತಿದ್ದರು. ಸಿಹಿ ಇತ್ತು. ಖಾಲಿ ಲೋಟ ತೆಗೆದುಕೊಳ್ಳುತ್ತ ಆಕೆ ಕೇಳಿದ್ದು ಒಂದೇ ಮಾತು, ಇನ್ನೊಂದ್ ಚೂರ್ ಕೊಡ್ಲಾ ಎಂದು.